ಒಂದು ಸಕಾರ

ಡಾರ್ಸೆಟ್ ಸೀಮೆಯಲ್ಲಿ, ಸುಣ್ಣಗಲ್ಲಿನ ಗುಡ್ಡದ ಕೆಳಗೆ
ನಲವತ್ತೊಂದು ಮಕ್ಕಳು, ಒಂದು ಒಲೆ, ಒಂದು ಕರಿಹಲಗೆ.
ಏಪ್ರಿಲ್ ಕೊನೆಯ ವಾರ. ಕಿಟಕಿಯಾಚೆ
ಹುಲ್ಲಿನ ತುಂಬ ಕೌಸ್ಲಿಪ್,
ಹಳದಿ ಬೀಗದಕೈ ಗೊಂಚಲು ಯಾರೋ ಮರೆತು ಹೋದ ಹಾಗೆ.

ನಾನಾಗ ಇಪ್ಪತ್ತಮೂರರ ಮೇಷ್ಟ್ರು. ಗಂಜಿ ಹಾಕಿದ ಕಾಲರು.
ಹಲಗೆಯ ಮೇಲೆ ಹಸುವೊಂದನ್ನು ಬರೆದೆ,
ಕಾಲು ಸರಿ ಬರಲಿಲ್ಲ, ತುಟಿ ಚೆನ್ನಾಗಿ ಬಂತು.
ತುಟಿಗೊಂದು ಹೂ ಮುಟ್ಟಿಸಿದೆ.
"ಕೌ ಅಂದರೆ ಹಸು, ಲಿಪ್ ಅಂದರೆ ತುಟಿ,
ನಡುವೆ ಕೂತ ಸಕಾರ ಹಸುವಿನದು.
ಮೇಯುತ್ತ ಮೇಯುತ್ತ ಮುತ್ತಿಟ್ಟಿತು,
ಹೂವಿಗೆ ಹೆಸರಾಯಿತು."
ಯಾರು ಹೇಳಿದ್ದರು ನನಗೆ? ಯಾರೂ ಇಲ್ಲ.
ಚೆಂದ ಇತ್ತು, ನಿಜವೂ ಇರಬೇಕು ಅಂದುಕೊಂಡೆ.

ಹಿಂದಿನ ಬೆಂಚಿನಿಂದ ಥರ್ಜಾ ಪಡ್ಡಿ ಎದ್ದಳು.
ಅಣ್ಣನ ಬೂಟು, ಒಂದಕ್ಕೆ ಲೇಸಿಲ್ಲ.
"ಅಮ್ಮ ಹೇಳ್ತಾಳೆ ಸಾರ್, ಅದು ತುಟಿಯಲ್ಲ,
ಹಸು ಹಾಕಿದ ಸಗಣಿ."

ಇಡೀ ಕ್ಲಾಸು ನಕ್ಕಿತು,
ಒಲೆಯ ಮೇಲೆ ಒಣಗುತ್ತಿದ್ದ ಕಾಲುಚೀಲಗಳೂ ನಕ್ಕವೇನೋ.
ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ: ಐವತ್ತು ಸಲ ಬರಿ,
ಹಸುವಿನ ತುಟಿ, ಹಸುವಿನ ತುಟಿ.
ಬರೆದಳು. ಮೂವತ್ತರ ಹೊತ್ತಿಗೆ ಮಳೆ ಹಿಡಿಯಿತು.
ಐವತ್ತನೆಯದು ತುಸು ವಾಲಿತ್ತು.

ಆಮೇಲೆ ಯುದ್ಧ. ನಲವತ್ತೊಂದರಲ್ಲಿ ಏಳು ಹೆಸರು
ಚರ್ಚಿನ ಗೋಡೆಯ ಕಲ್ಲಿಗೆ ಹೋದವು.
ಕಲ್ಲುಕುಟಿಗ ಒಂದರಲ್ಲಿ ಅಕ್ಷರ ತಪ್ಪಿದ್ದ.
ನಾನೇ ನಿಂತು ತಿದ್ದಿಸಿದೆ.

ಮೊನ್ನೆ ಪಾದ್ರಿಯ ಮನೆಯ ಹಳೆ ಸಾಮಾನಿನ ರಾಶಿಯಲ್ಲಿ
ಬೆನ್ನು ಕಿತ್ತ ಶಬ್ದಕೋಶ, ಒಂದು ಶಿಲಿಂಗಿಗೆ.
ಮಡಿಲಲ್ಲಿಟ್ಟು ತಿರುವುತ್ತ ಹೋದರೆ ಅಲ್ಲಿತ್ತು:
ಸಾವಿರ ವರ್ಷದ ಕೆಳಗೆ ಯಾರೋ ಮದ್ದಿನ ಪಟ್ಟಿಯಲ್ಲಿ ಗೀಚಿದ್ದು,
ಕೂ-ಸ್ಲಿಪ್ಪೆ.
ಸ್ಲಿಪ್ಪೆ ಅಂದರೆ ಲೋಳೆ, ಜಾರುವ ರಾಡಿ.
ಸಕಾರ ಹಸುವಿನ ಪಾಲಿಗೆ ಬಂದದ್ದಲ್ಲ,
ಸಗಣಿಯ ಪಾಲಿಗೆ.
ಪದ ಬಿಡಿಸುವಲ್ಲಿ ನನ್ನ ಕತ್ತಿ
ಒಂದಕ್ಷರ ಆಚೆ ಬಿದ್ದಿತ್ತು.

ಕನ್ನಡಕ ತೆಗೆದು ಒರೆಸಿದೆ.
ಅಕ್ಷರ ಬದಲಾಗಲಿಲ್ಲ.

ಕೋಲೂರಿಕೊಂಡು ಹೋದೆ ಅವಳ ಕೊಟ್ಟಿಗೆಗೆ.
ಮೊಮ್ಮಕ್ಕಳನ್ನು ಕಂಡ ಥರ್ಜಾ
ಹಸುವಿನ ಪಕ್ಕೆಗೆ ಹಣೆಯೊತ್ತಿ ಹಾಲು ಕರೆಯುತ್ತಿದ್ದಳು.
ಎಲ್ಲ ಒಪ್ಪಿಸಿದೆ, ಪುಟದ ಸಂಖ್ಯೆ ಸಮೇತ.
ಧಾರೆ ನಿಲ್ಲಲಿಲ್ಲ.

"ಅಮ್ಮನಿಗೇನು ಗೊತ್ತಿತ್ತು ಸಾರ್,
ಹೆಬ್ಬೆಟ್ಟೊತ್ತುವವಳು.
ಅವತ್ತು ಬೆಳಗ್ಗೆ ವೈನಿಗೆಂದು ಹೂ ಬಿಡಿಸಲು ಹೋಗಿ
ಕಾಲಿಟ್ಟಳು, ಜಾರಿದಳು, ಬುಟ್ಟಿ ಸಮೇತ ಬಿದ್ದಳು.
ಲಂಗ ಒಗೆಯುತ್ತ ಬೈದ ಮಾತು ಅದು."

ಮತ್ತೆ ಆ ಐವತ್ತು ಸಲ? ಕೇಳಿದೆ.

"ಅದಾ? ಮಳೆ ಬರ್ತಿತ್ತು. ಮನೆಗೆ ಹೋದರೆ
ಕೊಟ್ಟಿಗೆ ಬಾಚೋ ಕೆಲಸ. ನಿಮ್ಮ ಒಲೆ ಬೆಚ್ಚಗಿತ್ತು.
ನೂರು ಸಲ ಅನ್ನಲಿಲ್ಲವಲ್ಲಾ ಅಂತ ಬೇಜಾರಾಯ್ತು."

ನಲವತ್ತಾರು ವರ್ಷ ಅವಳೆದುರು ಬಾರಿ ಬಾರಿ
ಟೋಪಿ ಎತ್ತಿದ್ದೇನೆ; ಒಮ್ಮೆಯೂ ಗೊತ್ತಾಗಲಿಲ್ಲ.

ಹೊರಟಾಗ ಬೆನ್ನ ಹಿಂದಿನಿಂದ ಕೂಗಿದಳು:
"ನೋಡಿಕೊಂಡು ಕಾಲಿಡಿ, ಸಾರ್."

ಗುಡ್ಡದ ದಾರಿಯಲ್ಲಿ ಬಗ್ಗಿ ಒಂದು ಹೂ ಮೂಸಿದೆ.
ಹಣ್ಣಿನ ಘಮ, ಸ್ವಲ್ಪ ಹಾಲಿನದೂ.
ಬೂಟಿನಂಚಿಗೆ ಆಗಲೇ ಹಸಿರು ಮೆತ್ತಿತ್ತು.
ಹುಲ್ಲಿಗೆ ಒರೆಸುತ್ತ, ಈ ಸಲ ಸರಿಯಾಗಿ ಬಿಡಿಸಿ,
ಜೋರಾಗಿ ಹೇಳಿಕೊಂಡೆ:
ಕೌ. ಸ್ಲಿಪ್.

ಕೊನೆಯ ಪಕಾರಕ್ಕೆ
ತುಟಿ ಎರಡೂ ಕೂಡಿದವು.